ಪುಷ್ಪಗಿರಿಯ ಅಡಿಯಲ್ಲೊಂದು ಚೌಕಿ

ಲೇಔಟ್ ಮಾಡ್ತಿದ್ದೀನಿ ಅಂದರೆ ಬೆಂಗಳೂರಿನ ಗೆಳೆಯರು ಮೊದಲು ಕೇಳೋದು "ಎಲ್ಲಿ, ಚದರಡಿಗೆ ಎಷ್ಟು?" ಅಂತ. ಇದು ಆ ಲೇಔಟ್ ಅಲ್ಲ ಮಾರಾಯ್ರೆ. ಮಾದರಿ ರೈಲಿನ ಲೇಔಟ್. ಹಲಗೆಯ ಮೇಲೆ ಗುಡ್ಡ, ಸುರಂಗ, ಸೇತುವೆ, ಸ್ಟೇಷನ್ನು ಎಲ್ಲವನ್ನೂ ಒಂದೇ ಅಳತೆಗೆ ಕುಗ್ಗಿಸಿ ಕಟ್ಟಿ, ಅದರ ಮೇಲೆ ಪುಟ್ಟ ರೈಲುಗಳನ್ನು ಓಡಿಸುವ ಹವ್ಯಾಸ. ಇದನ್ನು ವಿವರಿಸಿದ ಮೇಲೆ ಬರುವ ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿರುತ್ತೆ: "ನಿಮ್ಮದು ಕೊಡಗು ಅಲ್ವಾ? ಅಲ್ಲಿ ರೈಲೇ ಇಲ್ವಲ್ಲ!"

ಹೌದು, ಇಲ್ಲ. ನಮ್ಮೂರು ಸೋಮವಾರಪೇಟೆ ಕಡೆಯ ಮಾದಾಪುರ. ಕಾಫಿ ಇದೆ, ಮೆಣಸಿದೆ, ಹಾರಂಗಿಗೆ ಸೇರುವ ಹೊಳೆಯಿದೆ, ಆರು ತಿಂಗಳು ಮಳೆಯಿದೆ. ಹಳಿ ಮಾತ್ರ ಇಡೀ ಜಿಲ್ಲೆಯಲ್ಲಿಲ್ಲ. ನಮಗೆ ರೈಲು ಅಂದರೆ ಬಸ್ಸು ಹತ್ತಿ ಹೋಗಿ ನೋಡಬೇಕಾದ ವಸ್ತು. ಮೈಸೂರಿಗೆ ಹೋಗಬೇಕು, ಇಲ್ಲಾ ಹಾಸನಕ್ಕೆ, ಇಲ್ಲಾ ಘಟ್ಟ ಇಳಿದು ಸುಬ್ರಹ್ಮಣ್ಯಕ್ಕೆ. ರೈಲು ಯಾವಾಗಲೂ ಗುಡ್ಡದ ಆಚೆಗಿನದು. ಬಹುಶಃ ಅದಕ್ಕೇ ಇರಬೇಕು, ಲೇಔಟಿನ ನಕ್ಷೆ ಹಾಕಲು ಕೂತಾಗ ಕಣ್ಣಿಗೆ ಕಾಣುವ ಭಾಗಕ್ಕಿಂತ ಕಾಣದ ಭಾಗವೇ ನನ್ನನ್ನು ಹೆಚ್ಚು ಹಿಡಿದು ಕೂರಿಸಿತು. ಆ ಕಾಣದ ಭಾಗವನ್ನು ಹಿಡನ್ ಸ್ಟೇಜಿಂಗ್ ಯಾರ್ಡ್ ಅಂತಾರೆ. ಗುಡ್ಡದ ಕೆಳಗೋ ಪರದೆಯ ಹಿಂದೋ ಬಚ್ಚಿಟ್ಟ, ರೈಲುಗಳು ತಮ್ಮ ಸರದಿಗೆ ಕಾಯುತ್ತಾ ನಿಲ್ಲುವ ಹಳಿಗಳ ಗುಂಪು. ಬರೀ ಹಲಗೆ, ಹಳಿ, ವೈರು. ಅಲ್ಲಿ ಗಿಡವಿಲ್ಲ, ಮನೆಯಿಲ್ಲ, ಬಣ್ಣವೂ ಇಲ್ಲ.

ಆಟಿಕೆ ರೈಲಿಗೆ ಮೊದಮೊದಲು ಹೋಗುವುದಕ್ಕೆ ಒಂದು ಊರೇ ಇರಲಿಲ್ಲ. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ಲೈಪ್ಸಿಗ್ ಮೇಳದಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನು ಹಳಿಯ ಸಮೇತ ತಂದಿಟ್ಟಿತು. ಹಳಿ ಎಂಟರ ಆಕಾರದ್ದು. ಹಳಿಯ ಅಗಲಕ್ಕೆ ಗೊತ್ತಾದ ಅಳತೆಗಳನ್ನು ಇಟ್ಟು, ಬೇಕಾದಂತೆ ತುಂಡುಗಳನ್ನು ಕೊಂಡು ಜೋಡಿಸುತ್ತಾ ಹೋಗಬಹುದು ಎಂಬ ಉಪಾಯವೂ ಅವರದೇ. ನಮ್ಮ ಜಾತ್ರೆಗಳಲ್ಲಿ ಸಿಗುತ್ತಿದ್ದ ಪ್ಲಾಸ್ಟಿಕ್ ರೈಲು ಅದೇ ವಂಶದ್ದು. ಅದರ ಕಷ್ಟ ಏನು ಅಂದರೆ, ರೈಲು ಹೊರಟ ಅರ್ಧ ನಿಮಿಷಕ್ಕೆ ಹೊರಟಲ್ಲಿಗೇ ಬರುತ್ತೆ. ಐದು ವರ್ಷದ ಮಗುವಿಗೂ ಮೂರನೇ ಸುತ್ತಿಗೆ ಗೊತ್ತಾಗಿಬಿಡುತ್ತೆ, ಇದು ಎಲ್ಲಿಗೂ ಹೋಗ್ತಾ ಇಲ್ಲ ಅಂತ.

ಇಪ್ಪತ್ತನೇ ಶತಮಾನದಲ್ಲಿ ಈ ಆಟವನ್ನು ದೊಡ್ಡವರು ಕಿತ್ತುಕೊಂಡರು. ದೊಡ್ಡವರಿಗೆ ಸುತ್ತು ಸಾಲದು, ಟೈಂಟೇಬಲ್ ಬೇಕು. ಅಮೆರಿಕದ ನ್ಯೂ ಆರ್ಲಿಯನ್ಸಿನ ಫ್ರಾಂಕ್ ಎಲಿಸನ್ 1940ರ ದಶಕದಲ್ಲಿ 'ಮಾಡೆಲ್ ರೈಲ್‌ರೋಡರ್' ಪತ್ರಿಕೆಗೆ ಬರೆದ ಸಾಲು ಲೇಖನಗಳಲ್ಲಿ ಇದನ್ನು ನಾಟಕಕ್ಕೆ ಹೋಲಿಸಿದ. ಹಳಿ ಮತ್ತು ದೃಶ್ಯ ಎಂದರೆ ರಂಗ, ರೈಲುಗಳು ಪಾತ್ರಧಾರಿಗಳು, ಟೈಂಟೇಬಲ್ಲೇ ಕಥೆ. ಹೋಲಿಕೆ ಒಪ್ಪಿಕೊಂಡ ಮೇಲೆ ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತೆ: ರಂಗದ ಮೇಲೆ ಇಲ್ಲದಾಗ ಪಾತ್ರಧಾರಿ ಎಲ್ಲಿರುತ್ತಾನೆ?

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆ ಬಡತನದ ದಾರಿಯಿಂದ ಬಂತು. ಯುದ್ಧ ಮುಗಿದ ಮೇಲಿನ ಸಣ್ಣ ಮನೆ, ಅದರಲ್ಲೊಂದು ಸಣ್ಣ ಕೋಣೆ. ಎರಡು ಸ್ಟೇಷನ್ನುಗಳನ್ನು ಅದರಲ್ಲಿ ಹಿಡಿಸೋಕೆ ಆಗಲ್ಲ. ಹಾಗಾದರೆ ಒಂದನ್ನೇ ಚಂದ ಮಾಡಿ ಕಟ್ಟು, ಇನ್ನೊಂದು ತುದಿಗೆ ಬರೀ ಹಳಿಗಳನ್ನಿಟ್ಟು ಮರೆ ಮಾಡು, ಅಲ್ಲಿ ಇಂಜಿನ್ನು ತಿರುಗಿಸೋದು ಡಬ್ಬಿ ಬದಲಿಸೋದು ಎಲ್ಲ ಕೈಯಲ್ಲೇ ನಡೆಯಲಿ. ಅದಕ್ಕೆ ಫಿಡಲ್ ಯಾರ್ಡ್ ಅಂತ ಹೆಸರು. ಪಿಟೀಲಿಗೂ ಅದಕ್ಕೂ ಸಂಬಂಧವಿಲ್ಲ, ಕೈಯಾಡಿಸುವ ಜಾಗ ಅಂತ ಅರ್ಥ. 1957ರಲ್ಲಿ ಸಿರಿಲ್ ಫ್ರೀಝರ್ ಪ್ರಕಟಿಸಿದ 'ಮೈನರೀಸ್' ಎಂಬ ನಕ್ಷೆಯನ್ನು ಇವತ್ತಿಗೂ ಜನ ಕಟ್ಟುತ್ತಲೇ ಇದ್ದಾರೆ. ಒಂದು ಪುಟ್ಟ ನಗರದ ಕೊನೇ ಸ್ಟೇಷನ್ ಅಷ್ಟೇ ಅದರಲ್ಲಿರೋದು. ಮಿಕ್ಕ ಊರೆಲ್ಲ ಫಿಡಲ್ ಯಾರ್ಡಿನಲ್ಲಿ. ಜರ್ಮನರು ಇದೇ ವಸ್ತುವಿಗೆ ಇಟ್ಟ ಹೆಸರಿನ ಅರ್ಥ ನೆರಳಿನ ನಿಲ್ದಾಣ. ಹೆಸರಿಡೋದರಲ್ಲಿ ಅವರೇ ಗೆದ್ದರು ಅನ್ನಿಸುತ್ತೆ.

ಕನ್ನಡದಲ್ಲಿ ಏನನ್ನೋದು? ನಾನು ಇದನ್ನು ಚೌಕಿ ಅಂತ ಕರೀತೀನಿ. ಯಕ್ಷಗಾನ ನೋಡಿದವರಿಗೆ ವಿವರಿಸಬೇಕಿಲ್ಲ. ರಂಗಸ್ಥಳದಿಂದ ದೂರದಲ್ಲಿ, ತಟ್ಟಿಯೋ ಶೀಟೋ ಹೊದಿಸಿದ ಆ ಮನೆಯಲ್ಲಿ ವೇಷಗಳು ತಯಾರಾಗುತ್ತವೆ. ಬಣ್ಣದ ವೇಷಕ್ಕೆ ಗಂಟೆಗಟ್ಟಲೆ ಬೇಕು. ಸರದಿ ಬರುವವರೆಗೆ ರಾವಣನೂ ಮೂಲೆಯಲ್ಲಿ ಪೆಟ್ಟಿಗೆಯ ಮೇಲೆ ಕೂತು ಚಹಾ ಕುಡಿಯುತ್ತಿರುತ್ತಾನೆ. ಭಾಗವತರ ಪದಕ್ಕೆ ಸರಿಯಾಗಿ ರಾವಣ ಲಂಕೆಯಿಂದ ಬರುತ್ತಾನೆ, ಬಂದದ್ದು ಚೌಕಿಯಿಂದ. ರೈಲೂ ಹಾಗೆಯೇ. ಸುರಂಗದಿಂದ ಹೊರಬಂದ ರೈಲು ಮಂಗಳೂರಿನಿಂದ ಬಂತು ಅಂತ ನೋಡುವವನು ನಂಬಬೇಕು.

ನಾನು ಮಾಡಹೊರಟಿರುವುದು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯನ್ನು. ನಮ್ಮ ಕಡೆಯಿಂದ ನೋಡಿದರೆ ಪುಷ್ಪಗಿರಿಯ ಆಚೆ ಮಗ್ಗುಲು. ಅದರ ಚರಿತ್ರೆ ಸ್ವಲ್ಪ ಹೇಳದೆ ಯಾರ್ಡಿನಲ್ಲಿ ಯಾವ ರೈಲು ನಿಲ್ಲಬೇಕು ಅಂತ ಹೇಳೋಕಾಗಲ್ಲ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ದಕ್ಷಿಣದಿಂದ, ಮಲಬಾರಿನ ಕರಾವಳಿ ಹಿಡಿದು. ಅಂದರೆ ಮಂಗಳೂರಿನವರಿಗೆ ಮದ್ರಾಸು ರೈಲಿನಲ್ಲಿ ಸಿಗುತ್ತಿತ್ತು, ಬೆಂಗಳೂರು ಸಿಗುತ್ತಿರಲಿಲ್ಲ. ನಡುವೆ ಘಟ್ಟ. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಶುರುವಾದಾಗ, ಬಂದರಿಗೆ ಬೆನ್ನಿನ ಕಡೆಯಿಂದ ದಾರಿ ಬೇಕಾಯಿತು. ಹಾಸನದಿಂದ ಮಂಗಳೂರಿಗೆ ಮೀಟರ್‌ಗೇಜ್ ಹಳಿ ಪೂರ್ತಿಯಾಗಿ ತೆರೆದದ್ದು 1979ರಲ್ಲಿ. ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರ್ ಘಾಟಿ: 57 ಸುರಂಗ, 109 ಸೇತುವೆ, ಐವತ್ತಕ್ಕೆ ಒಂದರ ಏರು. ಏಳುನೂರು ಮೀಟರಿಗೂ ಹೆಚ್ಚು ಎತ್ತರವನ್ನು ರೈಲು ಏದುಸಿರು ಬಿಡುತ್ತಾ ಹತ್ತಬೇಕು. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂಬ ಸ್ಟೇಷನ್ನುಗಳು ಊರಿಗಾಗಿ ಇರುವುದಲ್ಲ, ರೈಲಿಗಾಗಿ ಇರುವುದು. ಎದುರು ಬರುವ ಗಾಡಿಗೆ ದಾರಿ ಬಿಡೋಕೆ, ಬ್ರೇಕು ಪರೀಕ್ಷಿಸೋಕೆ.

1996ರಲ್ಲಿ ಗೇಜು ಬದಲಾವಣೆಗೆ ಅಂತ ರೈಲು ನಿಂತಿತು. ಮುಂದಿನ ಹತ್ತು ವರ್ಷ ಅಲ್ಲಿ ಓಡಿದ್ದು ಬೆಂಗಳೂರಿನ ನಮ್ಮಂಥ ಸಾಫ್ಟ್‌ವೇರ್ ಜನ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಟಾರ್ಚು, ಗ್ರೀನ್ ರೂಟ್ ಟ್ರೆಕ್ ಅಂತ ಹೆಸರು. 2003ರಲ್ಲಿ ಈ ಮಾರ್ಗಕ್ಕೆಂದೇ ಹಾಸನ ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಹುಟ್ಟಿತು. 2006ರಲ್ಲಿ ಬ್ರಾಡ್‌ಗೇಜಿನ ಮೇಲೆ ಗೂಡ್ಸು ಗಾಡಿ ಬಂತು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು. ಗೂಡ್ಸಿಗೆ ಮೊದಲ ಮಣೆ ಏಕೆ ಅಂತ ಗೊತ್ತಲ್ಲ? ಬಳ್ಳಾರಿ ಕಡೆಯ ಕಬ್ಬಿಣದ ಅದಿರು. ಚೀನಾಕ್ಕೆ ಅದಿರು ಹೋಗುತ್ತಿದ್ದ ಭರಾಟೆಯ ವರ್ಷಗಳವು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ನನ್ನ ಲೇಔಟಿಗೆ ನಾನು ಆರಿಸಿಕೊಂಡ ವರ್ಷ 2009. ಭರಾಟೆ ಜೋರಾಗಿದ್ದ, ಮುಗಿಯುವುದು ಯಾರಿಗೂ ಗೊತ್ತಿರದಿದ್ದ ವರ್ಷ.

ಇನ್ನು ಅಳತೆಗೆ ಬರೋಣ. ಹೆಚ್ಚು ಚಾಲ್ತಿಯಲ್ಲಿರುವ ಎಚ್‌ಓ ಅಳತೆಯಲ್ಲಿ ಜಗತ್ತು 87 ಪಟ್ಟು ಸಣ್ಣದಾಗುತ್ತೆ. ಘಾಟಿ ಆಗ 632 ಮೀಟರ್ ಉದ್ದ. ಎನ್ ಅಳತೆಯಲ್ಲಿ 160 ಪಟ್ಟು. ಆಗಲೂ 344 ಮೀಟರ್. ನನಗಿರುವುದು ಮಾದಾಪುರದ ಮನೆಯಲ್ಲಿ ಕಾಫಿ ಮೂಟೆ ಇಡುವ ಕೋಣೆ, 12 ಅಡಿಗೆ 10 ಅಡಿ. ಕೋಣೆಯನ್ನು ಪೂರ್ತಿ ಬಿಟ್ಟುಕೊಡಲು ಅಪ್ಪ ಒಪ್ಪಲಿಲ್ಲ. "ನಿನ್ನ ರೈಲು ಮೇಲಿರಲಿ, ನನ್ನ ಮೂಟೆ ಕೆಳಗಿರಲಿ" ಅಂತ ಒಂದೇ ಮಾತಿನಲ್ಲಿ ಒಪ್ಪಂದ ಮುಗಿಸಿದರು. ಜಾನ್ ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕದ ನಕ್ಷೆಗಾರ, 1963ರಲ್ಲಿ ಈ ಹವ್ಯಾಸದ ಬೈಬಲ್ಲಿನಂಥ ಪುಸ್ತಕ ಬರೆದವನು, ನಕ್ಷೆಗೆ ಮೊದಲು ಎರಡು ಪಟ್ಟಿ ಬರಿ ಅನ್ನುತ್ತಿದ್ದ: ಬದಲಿಸಲಾಗದ್ದು ಯಾವುದು, ಬೇಕು ಅನ್ನಿಸಿದ್ದು ಯಾವುದು. ನನ್ನ ಮೊದಲ ಪಟ್ಟಿಯ ತಲೆಯಲ್ಲಿ ಮೂಟೆ ಇದೆ. ಕ್ಲೈಂಟಿನ ರಿಕ್ವೈರ್‌ಮೆಂಟು ಬದಲಾದರೂ ಆಗಬಹುದು, ಅಪ್ಪನದು ಆಗಲ್ಲ.

ಹಾಗಾಗಿ ಎನ್ ಅಳತೆ, ಎದೆಯೆತ್ತರಕ್ಕಿಂತ ಮೇಲೆ ಗೋಡೆಗೆ ಹೊಡೆದ ಹಲಗೆ. ಉದ್ದದ ಗೋಡೆಯ ಮೇಲೆ ಘಾಟಿ, 3.6 ಮೀಟರ್. 344 ಮೀಟರಿನಲ್ಲಿ ಇಷ್ಟೇ ಕಾಣೋದು: ಎಡಕುಮೇರಿ, ಒಂದು ಎತ್ತರದ ಸೇತುವೆ, ಎರಡು ಸುರಂಗ. ಮಿಕ್ಕದ್ದನ್ನೆಲ್ಲ ಚೌಕಿ ನಂಬಿಸಬೇಕು.

ಚೌಕಿ ಎರಡು ಥರ. ಒಂದು ತುದಿ ಮುಚ್ಚಿದ್ದು, ಹೋದ ರೈಲು ಹಿಮ್ಮುಖವಾಗಿ ಬರಬೇಕು. ಇನ್ನೊಂದು ಎರಡೂ ತುದಿ ತೆರೆದದ್ದು, ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಡಬಹುದು. ನಮ್ಮ ಕಸುಬಿನವರಿಗೆ ಹೇಳೋದಾದರೆ ಮೊದಲನೇ ಥರದ ಹಳಿ ಸ್ಟ್ಯಾಕು, ಎರಡನೇದು ಕ್ಯೂ. ನನಗೆ ಕ್ಯೂ ಬೇಕು. ಕಾರಣ ಅದಿರು. ತುಂಬಿದ ರೇಕು ಯಾವಾಗಲೂ ಘಟ್ಟ ಇಳಿಯುತ್ತೆ, ಖಾಲಿಯದು ಯಾವಾಗಲೂ ಹತ್ತುತ್ತೆ. ತುದಿ ಮುಚ್ಚಿದ ಯಾರ್ಡಾದರೆ ಪ್ರತಿ ಸಲ ವ್ಯಾಗನ್ನುಗಳಿಂದ ಅದಿರನ್ನು ಕೈಯಲ್ಲಿ ತೆಗೆದು ಮತ್ತೆ ತುಂಬಬೇಕು. ಎರಡೂ ತುದಿ ತೆರೆದಿದ್ದರೆ ತುಂಬಿದ ರೇಕು ಸುಬ್ರಹ್ಮಣ್ಯದ ಕಡೆ ಮರೆಯಾಗಿ, ಯಾರ್ಡಿನಲ್ಲಿ ಕಾಯ್ದು, ಸಕಲೇಶಪುರದ ಕಡೆಯಿಂದ ಮತ್ತೆ ತುಂಬಿದ ರೇಕಾಗಿಯೇ ಪ್ರತ್ಯಕ್ಷವಾಗುತ್ತೆ. ಖಾಲಿ ರೇಕು ಇದರ ಉಲ್ಟಾ. ನೋಡುವವನ ಕಣ್ಣಿಗೆ ಬಳ್ಳಾರಿ ಬರಿದಾಗುತ್ತಲೇ ಇರುತ್ತೆ, ಬಂದರು ತುಂಬುತ್ತಲೇ ಇರುತ್ತೆ. ಮುಟ್ಟಿದವರು ಯಾರೂ ಇಲ್ಲ.

ಉದ್ದ ಹೊಂದಿಸೋದೇ ನಿಜವಾದ ಹೆಣಗಾಟ. ಒಂದು ಬೋಗಿ ಸುಮಾರು 14 ಸೆಂಟಿಮೀಟರ್, ಇಂಜಿನ್ನು 13. ಎಂಟು ಬೋಗಿಯ ರೈಲು 1.25 ಮೀಟರ್. ಅದಿರಿನ ನಿಜವಾದ ರೇಕಿಗೆ ಐವತ್ತಕ್ಕೂ ಹೆಚ್ಚು ವ್ಯಾಗನ್. ನನ್ನದಕ್ಕೆ ಹದಿನಾಲ್ಕು ಸಾಕು, ಅದೂ ಎರಡು ಇಂಜಿನ್ನು ಸೇರಿ 1.2 ಮೀಟರ್ ಆಗುತ್ತೆ. ಐದು ಹಳಿಯ ಯಾರ್ಡು ಅಂದುಕೊಳ್ಳಿ. ಹಳಿ ಕವಲೊಡೆಯುವ ಪಾಯಿಂಟುಗಳನ್ನು ಏಣಿಯ ಥರ ಒಂದರ ಮುಂದೊಂದು ಇಡಬೇಕು. ಪಕ್ಕದ ಹಳಿಗೆ 3.2 ಸೆಂಟಿಮೀಟರ್ ಅಂತರ, ಆರಕ್ಕೆ ಒಂದರ ಕೋನ ಅಂದರೆ ಪ್ರತಿ ಹಳಿಗೂ 19 ಸೆಂಟಿಮೀಟರ್ ಏಣಿಗೇ ಹೋಯಿತು. ನಾಲ್ಕು ಮೆಟ್ಟಿಲಿಗೆ 77. ಗೋಡೆಯ ಎರಡು ತುದಿಯ ತಿರುವು ಕಳೆದರೆ ಉಳಿಯೋದು 3 ಮೀಟರ್. ಎರಡೂ ಏಣಿಗಳನ್ನು ಎದುರುಬದುರಾಗಿ, ಹೆಂಚಿನ ಮಾಡಿನ ಥರ ಓರೆ ಮಾಡಿದರೆ ಮೊದಲ ಹಳಿ 3 ಮೀಟರ್, ಕೊನೆಯದು ಒಂದೂವರೆಯೂ ಇಲ್ಲ. ಅದರಲ್ಲೂ ಪಕ್ಕದ ಗಾಡಿಗೆ ತಾಗದ ಹಾಗೆ ಎರಡು ಕಡೆ ಜಾಗ ಬಿಡಬೇಕು. ಎಂಟು ಬೋಗಿ ಕೂರಲ್ಲ. ಎರಡನ್ನೂ ಒಂದೇ ಕಡೆಗೆ ಓರೆ ಮಾಡಿ ನೋಡಿ: ಯಾರ್ಡು ಸಮಾಂತರ ಚತುರ್ಭುಜ ಆಗುತ್ತೆ, ಐದೂ ಹಳಿಗಳು ಒಂದೇ ಉದ್ದ, ಜಾಗ ಬಿಟ್ಟೂ 2 ಮೀಟರಿನಷ್ಟು. ಹೈಸ್ಕೂಲಿನ ರೇಖಾಗಣಿತ ಇಷ್ಟು ಖುಷಿ ಕೊಟ್ಟದ್ದು ನನಗೆ ನೆನಪಿಲ್ಲ.

ಎತ್ತರದ ಲೆಕ್ಕವೂ ಇದೆ. ಹಳಿ ತಪ್ಪಿದ ರೈಲನ್ನು ಎತ್ತೋಕೆ ಕೈ ಹೋಗಬೇಕಲ್ಲ, ಅದಕ್ಕೆ ಯಾರ್ಡು ಘಾಟಿಗಿಂತ 15 ಸೆಂಟಿಮೀಟರಾದರೂ ಕೆಳಗಿರಬೇಕು. ನಿಜವಾದ ಘಾಟಿಯ ಐವತ್ತಕ್ಕೆ ಒಂದನ್ನೇ ಇಟ್ಟುಕೊಂಡರೆ 15 ಸೆಂಟಿಮೀಟರ್ ಇಳಿಯೋಕೆ ಏಳೂವರೆ ಮೀಟರ್ ಹಳಿ ಬೇಕು. ಸ್ಟೇಷನ್ನು ಸಮತಟ್ಟಾಗಿರಬೇಕಾದ್ದರಿಂದ ಕಾಣುವ ಭಾಗದಲ್ಲಿ ರೈಲು ಏರುವುದು ಬರೀ 4 ಸೆಂಟಿಮೀಟರ್. ಆದರೂ ಸಕಲೇಶಪುರದ ತುದಿಯಿಂದ ಇಳಿಯೋಕೆ 19 ಸೆಂಟಿಮೀಟರ್, ಅಂದರೆ ಒಂಬತ್ತೂವರೆ ಮೀಟರ್. ಒಟ್ಟು 17 ಮೀಟರ್ ಇಳಿಜಾರು, ಕೋಣೆಯ ಮಿಕ್ಕ ಮೂರು ಗೋಡೆ ಸುತ್ತಿ, ಬಾಗಿಲ ಬಳಿ ಎತ್ತಿಡುವ ಹಲಗೆ ದಾಟಿ, ಕತ್ತಲಲ್ಲಿ. ಕಾಣೋದು 3.6, ಕಾಣದ್ದು 17, ಅದರ ಮೇಲೆ ಯಾರ್ಡು. ಎಡಕುಮೇರಿಗೆ ಮೂರು ಪಾಯಿಂಟು, ಚೌಕಿಗೆ ಎಂಟು. "ಯಾರೂ ನೋಡದ ಜಾಗಕ್ಕೆ ಇಷ್ಟು ದುಡ್ಡಾ?" ಅಂದರು ಅಮ್ಮ. ಮಂಗಳೂರು, ಹಾಸನ, ಬಳ್ಳಾರಿ, ಚೀನಾ ಎಲ್ಲ ಅಲ್ಲೇ ಇರೋದು ಅಮ್ಮಾ ಅಂದೆ. ಚೀನಾದ ಹೆಸರು ಕೇಳಿ ಸುಮ್ಮನಾದರು.

ಈಗ ನಕ್ಷೆಯ ಒಂದು ವಿಚಿತ್ರ ಹೇಳಬೇಕು. ಘಾಟಿಯ ಹಿಂದಿನ ಗೋಡೆಗೆ ಪುಷ್ಪಗಿರಿಯ ಚಿತ್ರ ಬರೆಯಬೇಕು, ಅದರ ಮುಂದೆ ಪ್ಲೈವುಡ್ಡು ಮತ್ತು ಥರ್ಮಾಕೋಲಿನಲ್ಲಿ ಗುಡ್ಡ ಎಬ್ಬಿಸಬೇಕು. ಆ ಗುಡ್ಡದ ಕೆಳಗೆ, ತುಸು ಹಿಂದಕ್ಕೆ, ಚೌಕಿ. ಭೂಪಟದಲ್ಲಿ ಪುಷ್ಪಗಿರಿಯ ಆ ಬೆನ್ನಿಗೆ ಇರುವುದು ಸೋಮವಾರಪೇಟೆ, ಮಾದಾಪುರ. ಅಂದರೆ ನನ್ನ ಲೇಔಟಿನಲ್ಲಿ ಕೊಡಗಿಗೆ ಐದು ಹಳಿ ಬಂದಿವೆ. ಯಾರಿಗೂ ಕಾಣುವುದಿಲ್ಲ ಅಷ್ಟೇ.

ನಿಜವಾದ ಕೊಡಗಿಗೆ ರೈಲು ತರುವ ಮಾತು ನೂರು ವರ್ಷಕ್ಕೂ ಹಳೆಯದು. ತಲಶ್ಶೇರಿಯಿಂದ ಮೈಸೂರಿಗೆ ಹಳಿ ಹಾಕಬೇಕೆಂದು ಬ್ರಿಟಿಷರ ಕಾಲದಲ್ಲೇ ಸರ್ವೆ ನಡೆದಿತ್ತು. ಕೊಡಗಿನ ಕಾಫಿ ಗಾಡಿಯಲ್ಲಿ ಘಟ್ಟ ಇಳಿದು ತಲಶ್ಶೇರಿಗೂ ಮಂಗಳೂರಿಗೂ ಹೋಗಿ ಅಲ್ಲಿ ಸಂಸ್ಕರಣೆಯಾಗಿ ಹಡಗು ಹತ್ತುತ್ತಿದ್ದ ಕಾಲ. ಕಾಫಿಗೆ ರೈಲು ಬರಲಿಲ್ಲ, ಲಾರಿ ಬಂತು. ಈಗ ಚರ್ಚೆಯಲ್ಲಿರುವುದು ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣದ ಮೇಲೆ ಕುಶಾಲನಗರಕ್ಕೆ, ಸುಮಾರು 87 ಕಿಲೋಮೀಟರ್. ಎಂಬತ್ತೇಳು! ಎಚ್‌ಓ ಅಳತೆಯಲ್ಲಿ ಕರೆಕ್ಟಾಗಿ ಒಂದು ಕಿಲೋಮೀಟರ್. ಯಾರಾದರೂ ದೊಡ್ಡ ಶೆಡ್ಡು ಕೊಟ್ಟರೆ ನಾನೇ ಮೊದಲು ಹಾಕಿ ತೋರಿಸ್ತೀನಿ.

ತಮಾಷೆ ಬಿಡಿ. ಕುಶಾಲನಗರದವರೆಗೆ ಬಯಲು, ಅಲ್ಲಿಯವರೆಗೆ ಹಳಿ ಬಂದರೆ ನನಗೆ ಸಂತೋಷ. ಅಲ್ಲಿಂದ ಮೇಲೆ ಗುಡ್ಡ ಕಡಿದು ಸಮುದ್ರದ ಕಡೆ ಇಳಿಸುವ ಮಾತು ಬಂದಾಗ ಮಾತ್ರ ರೈಲು ಹುಚ್ಚಿನವನಾದ ನಾನೂ ಹಿಂದೆ ಸರಿಯುತ್ತೇನೆ. 2018ರ ಆಗಸ್ಟಿನ ಮಧ್ಯದ ಆ ದಿನಗಳಲ್ಲಿ ನಮ್ಮ ಕಡೆ ಹಟ್ಟಿಹೊಳೆ, ಮಕ್ಕಂದೂರಿನ ಗುಡ್ಡಗಳು ಮನೆ, ತೋಟ, ರಸ್ತೆಗಳ ಸಮೇತ ಜಾರಿದವು. ಅದೇ ಮಳೆಗೆ ಪುಷ್ಪಗಿರಿಯ ಆಚೆ ಮಗ್ಗುಲಲ್ಲಿ ಘಾಟಿ ಹತ್ತಾರು ಕಡೆ ಕುಸಿದು ರೈಲು ವಾರಗಟ್ಟಲೆ ನಿಂತಿತು. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಮತ್ತೆ ನಿಂತಿತು. ನಮ್ಮ ಊರಿನ ಪಕ್ಕದ ಜಂಬೂರಿನಲ್ಲಿ ಮನೆ ಕಳೆದುಕೊಂಡವರಿಗೆಂದು ಕಟ್ಟಿದ ಒಂದೇ ಥರದ ಮನೆಗಳ ಸಾಲು ಇದೆ. ಅದೂ ಒಂದು ಲೇಔಟೇ. ಅದನ್ನು ನೋಡುತ್ತಾ ಬೆಟ್ಟದಲ್ಲಿ ಇನ್ನೊಂದು 55 ಕಿಲೋಮೀಟರ್ ಕಡಿಯಿರಿ ಅನ್ನೋಕೆ ನನಗೆ ಬಾಯಿ ಬರಲ್ಲ.

2009ನೇ ಇಸವಿ ಆರಿಸಿಕೊಂಡರೆ ಲೇಔಟಿನ ಗುಡ್ಡಗಳಲ್ಲಿ 2018ರ ಗಾಯ ತೋರಿಸಬೇಕಿಲ್ಲ, ಅದೊಂದು ಅನುಕೂಲ. ಅನುಕೂಲಕ್ಕಾಗಿಯೇ ಆರಿಸಿಕೊಂಡೆ ಅಂತ ಗೆಳೆಯನೊಬ್ಬ ಚುಚ್ಚಿದ. ಇರಬಹುದು. ಆದರೆ ಅದಿರಿಗೆ ಐದರಲ್ಲಿ ಎರಡು ಹಳಿ ಹೋಗಿದ್ದನ್ನು ಅವನಿಗೆ ತೋರಿಸಿದೆ. ಮೂರನೇದು ಬೆಂಗಳೂರು–ಮಂಗಳೂರು ರಾತ್ರಿ ರೈಲಿಗೆ. ನಾಲ್ಕನೇದು ಬಂದರಿನಿಂದ ಮೇಲೆ ಬರುವ ಗೊಬ್ಬರದ ರೇಕಿಗೆ, ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್ ಸಮೇತ. ಐದನೇದು ಖಾಲಿ. ಯಾರ್ಡಿನಲ್ಲಿ ಒಂದು ಹಳಿ ಖಾಲಿ ಇರಲೇಬೇಕು, ಇಲ್ಲದಿದ್ದರೆ ಬರುವ ರೈಲಿಗೆ ಒಳಗೆ ಜಾಗವಿಲ್ಲ, ಇಡೀ ಆಟ ನಿಲ್ಲುತ್ತೆ. ಅಪ್ಪನ ಮೂಟೆಗಳಿಗೂ ಇದೇ ನಿಯಮ. ಹೋದ ವರ್ಷದ್ದನ್ನು ಬೆಲೆ ಬರಲಿ ಅಂತ ಇಟ್ಟುಕೊಂಡಿದ್ದಾರೆ, ಹೊಸದಕ್ಕೆ ಗೋಡೆ ಬದಿಯ ಒಂದು ಸಾಲು ತೆರವು ಮಾಡಿಸಿದ್ದಾರೆ.

ಲೇಔಟ್ ಕಟ್ಟುವವರು ಚೌಕಿಯಿಂದಲೇ ಶುರು ಮಾಡಬೇಕು, ಮೇಲೆ ಗುಡ್ಡ ಬಂದ ಮೇಲೆ ಕೆಳಗೆ ಕೂತು ಕೆಲಸ ಮಾಡೋಕಾಗಲ್ಲ. ಒಂದೊಂದು ಪಾಯಿಂಟಿನ ಮೇಲೂ ನೂರು ಸಲ ರೈಲು ಓಡಿಸಿ ಪರೀಕ್ಷಿಸಬೇಕು. ಮಳೆಗಾಲದ ತೇವಕ್ಕೆ ಪ್ಲೈವುಡ್ಡು ಬಾಗದಂತೆ ಎರಡೂ ಬದಿಗೆ ಬಣ್ಣ ಹೊಡೆಯಬೇಕು. ಜನವರಿಯಲ್ಲಿ ಹೊಸ ಕಾಫಿ ಬಂದರೆ ಕೋಣೆಗೆ ಕಾಲಿಡೋಕೂ ಜಾಗ ಇರಲ್ಲ. ಅಷ್ಟರಲ್ಲಿ ಕೆಳಗಿನ ಎಂಟು ಪಾಯಿಂಟು ಮುಗಿದಿರಬೇಕು. ಕಾಡು, ಸೇತುವೆ, ಎಡಕುಮೇರಿ ಎಲ್ಲ ಆಮೇಲೆ.